ಕಾರ್ಯದರ್ಶಿಯವರ ಕಪಾಟಿನಲ್ಲಿದ್ದ ನನ್ನ ಅಂಕಪಟ್ಟಿಗಳು

ಸುರಪುರದ ಒಂದು ಖಾಸಗಿ ಶಾಲೆಯಲ್ಲಿ ನಾನು ನಾಲ್ಕು ವರ್ಷ ಗಣಿತ ಕಲಿಸಿದೆ. ಸೇರಿದ ದಿನವೇ ಶಾಲೆ ನಡೆಸುತ್ತಿದ್ದ ಕಾರ್ಯದರ್ಶಿಯವರು ನನ್ನ ಮೂಲ ಅಂಕಪಟ್ಟಿಗಳನ್ನೆಲ್ಲ ಕೇಳಿ ತೆಗೆದುಕೊಂಡರು. ಹತ್ತನೇ ತರಗತಿಯದು, ಪಿಯುಸಿಯದು, ಪದವಿಯದು, ಬಿ.ಎಡ್.ನದು. ಎಲ್ಲವನ್ನೂ ಒಂದು ಖಾಕಿ ಲಕೋಟೆಗೆ ಹಾಕಿ, ಮೇಲೆ ನನ್ನ ಹೆಸರು ಬರೆದು, ತಮ್ಮ ಕುರ್ಚಿಯ ಹಿಂದಿದ್ದ ಕಬ್ಬಿಣದ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. "ಭದ್ರ ಇರ್ತಾವ್ರಿ, ಚಿಂತಿ ಮಾಡಬ್ಯಾಡ್ರಿ" ಅಂದರು. ಮೊದಲ ಕೆಲಸ ಸಿಕ್ಕ ಸಂತೋಷದಲ್ಲಿ ನನಗೆ ಅದು ಕಾಳಜಿಯ ಮಾತಿನಂತೆಯೇ ಕೇಳಿಸಿತು.

ಆ ಲಕೋಟೆ ಯಾಕೆ ಅಲ್ಲಿದೆ ಎನ್ನುವುದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಶಾಲೆಯ ಯಾವ ತರಗತಿಯಲ್ಲೂ ಶಿಕ್ಷಕರಿಗೆ ಕುರ್ಚಿ ಇರಲಿಲ್ಲ. ಕುರ್ಚಿ ಇದ್ದರೆ ಕೂರುತ್ತಾರೆ ಎಂದು ಕಾರ್ಯದರ್ಶಿಯವರೇ ತೆಗೆಸಿದ್ದರು. ಏಳು ತಿಂಗಳ ಬಸುರಿಯಾಗಿದ್ದ ನಮ್ಮ ವಿಜ್ಞಾನದ ಟೀಚರು ಗೋಡೆಗೆ ಬೆನ್ನು ಹಚ್ಚಿ ಪಾಠ ಮಾಡುತ್ತಿದ್ದರು. ಬೇಸಿಗೆ ರಜೆಯಲ್ಲಿ ನಾವು ಕೆಂಭಾವಿಯವರೆಗೂ ಹೋಗಿ, ಸಂತೆಗೆ ಬಂದವರಿಗೆ ಪ್ರವೇಶದ ಕರಪತ್ರ ಹಂಚಬೇಕಿತ್ತು. ಕಾರ್ಯದರ್ಶಿಯವರ ಮನೆಯ ಮದುವೆಯಲ್ಲಂತೂ ಶಾಲೆಯ ಸಮವಸ್ತ್ರದ ಸೀರೆ ಉಟ್ಟು ಊಟದ ಪಂಕ್ತಿಗೆ ನೀರು ಹಾಕಿದೆವು. ನನ್ನ ವಿದ್ಯಾರ್ಥಿಯೊಬ್ಬ ಲೋಟ ಒಡ್ಡಿ "ಟೀಚರ್, ನೀವ್ ಊಟ ಮಾಡಿದ್ರೇನ್ರಿ?" ಎಂದು ಕೇಳಿದಾಗ ಅವನ ಲೋಟ ತುಂಬಿಸಿ ಮುಂದಿನ ಸಾಲಿಗೆ ಹೋದೆ. ಬಿಟ್ಟು ಹೋಗೋಣವೆಂದರೆ ನಮ್ಮ ಓದೆಲ್ಲ ಆ ಕಪಾಟಿನಲ್ಲಿತ್ತು.

ಕಾರ್ಯದರ್ಶಿಯವರು ಬರೀ ಕೆಟ್ಟವರಾಗಿದ್ದರು ಎಂದರೆ ಸುಳ್ಳಾಗುತ್ತದೆ. ತಾವೂ ಒಂದು ಕಾಲದಲ್ಲಿ ಮೇಷ್ಟ್ರಾಗಿದ್ದವರು. ಶಾಲೆಯ ಪ್ರತಿ ಮಗುವಿನ ಹೆಸರೂ ಅವರಿಗೆ ಗೊತ್ತಿತ್ತು. ಹಿಂದೊಮ್ಮೆ ಇಬ್ಬರು ಶಿಕ್ಷಕರು ವರ್ಷದ ನಡುವೆ ಹೇಳದೆ ಬಿಟ್ಟು ಹೋಗಿದ್ದರಂತೆ. ಆಗ ಹುಟ್ಟಿದ ಭಯಕ್ಕೆ ಅವರು ಕಂಡುಕೊಂಡ ಉಪಾಯ ಆ ಕಪಾಟು.

ನಾಲ್ಕನೇ ವರ್ಷದ ಚಳಿಗಾಲದಲ್ಲಿ ಸರ್ಕಾರಿ ಬಾಲಕಿಯರ ವಸತಿನಿಲಯದ ಮೇಲ್ವಿಚಾರಕಿ ಹುದ್ದೆಯ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಬುಧವಾರ ಫೋನಿಗೆ ಸಂದೇಶ ಬಂದಿತ್ತು: ಸೋಮವಾರ ಯಾದಗಿರಿಯಲ್ಲಿ ದಾಖಲೆ ಪರಿಶೀಲನೆ, ಮೂಲ ಪ್ರತಿಗಳನ್ನು ತಪ್ಪದೆ ತರಬೇಕು. ಗುರುವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಯುತ್ತಲೇ ಕಾರ್ಯದರ್ಶಿಯವರ ಕೋಣೆಗೆ ಹೋದೆ.

"ಸರ್, ನನ್ನ ಮಾರ್ಕ್ಸ್ ಕಾರ್ಡ್ ಬೇಕಾಗ್ಯಾವ್ರಿ. ಸೋಮವಾರ ತೋರಿಸಿ, ಮಂಗಳವಾರ ತಂದು ಕೊಡ್ತೀನ್ರಿ."

ಅವರು ತಲೆ ಎತ್ತಲಿಲ್ಲ. "ಪರೀಕ್ಷಾ ಮುಗೀಲ್ರಿ. ಆಮ್ಯಾಲ ನೋಡೋಣು."

"ಸೋಮವಾರನೇ ಬೇಕ್ರಿ ಸರ್. ಆಮ್ಯಾಲ ಆದ್ರ ಕೆಲಸ ಹೋಗ್ತದ."

"ಇಲ್ಲಿ ಹತ್ತನೇ ಕ್ಲಾಸ್ ಹುಡುಗರ ಗತಿ ಏನ್ರಿ? ನಿಮಗ ಕೊಟ್ಟ್ರ ನಾಳಿ ಎಲ್ಲಾರೂ ಬಂದು ಕೇಳ್ತಾರ. ಹೋಗ್ರಿ, ಪೀರಿಯಡ್ ಸುರು ಆಗ್ಯಾದ."

ನಮ್ಮೂರು ಸಗರದಲ್ಲಿದ್ದ ಅವ್ವನಿಗೆ ಅಂದೇ ಫೋನ್ ಮಾಡಿದೆ. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಎಲ್ಲ ಕೇಳಿಸಿಕೊಂಡು, "ಓದಿದಾಕಿ ನೀನು. ನಿನ್ನ ಕಾಗದ ಅವರ ಕಪಾಟಿನ್ಯಾಗ ಯಾಕ ಅವ?" ಎಂದು ಕೇಳಿದಳು. ನಾಲ್ಕು ವರ್ಷದಲ್ಲಿ ನಾವ್ಯಾರೂ ಅಷ್ಟು ಸರಳವಾಗಿ ಕೇಳಿರಲಿಲ್ಲ.

ಶುಕ್ರವಾರ ಊಟದ ಬಿಡುವಿನಲ್ಲಿ ಶಾಲೆಯ ಜವಾನರು ನನ್ನ ಬಳಿ ಬಂದರು. ಅರವತ್ತರ ಹತ್ತಿರದ ಮನುಷ್ಯ. ತಗ್ಗಿದ ದನಿಯಲ್ಲಿ, "ಟೀಚರ್, ಕಪಾಟಿಂದು ಇನ್ನೊಂದು ಕೀಲಿ ನನ್ ಕಡಿ ಅದ. ಸಾಹೇಬ್ರು ಊಟಕ್ಕ ಹೋದಾಗ ತಗದು ಕೊಡ್ಲೇನ್ರಿ?" ಅಂದರು. ಹೂಂ ಎನ್ನುವುದರಲ್ಲಿದ್ದೆ. ಪಕ್ಕದಲ್ಲೇ ಡಬ್ಬಿ ಬಿಚ್ಚುತ್ತಿದ್ದ ಹಿಂದಿ ಟೀಚರಿಗೆ ಅದು ಕೇಳಿಸಿತು. ನಮ್ಮಲ್ಲೇ ಹಿರಿಯರು ಅವರು, ಹದಿನೆಂಟು ವರ್ಷದಿಂದ ಅಲ್ಲೇ ಇದ್ದವರು. ಮಕ್ಕಳೂ ನಾವೂ ಅವರನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದೆವು.

"ನಕೋ ಬೇಟಾ, ಬ್ಯಾಡ" ಅಂದರು ಆಪಾ. "ನಿನ್ನ ಸಾಮಾನು ನೀನೇ ಕಳವು ಮಾಡ್ತಿಯೇನು? ಗೊತ್ತಾದ್ರ ಈ ಮುದುಕನ ನೌಕರಿ ಹೋಗ್ತದ. ನಾಳಿ ಪಾಲಕರ ಸಭಾ ಅದ. ನಾಳಿ ಕೇಳೋಣು."

"ಕೇಳೀನ್ರಿ ಆಪಾ. ಕೊಡಲ್ಲ ಅಂದಾರ."

"ನೀ ಒಬ್ಬಾಕಿ ಕೇಳಿದಿ. ನಾಳಿ ನಾನೂ ಕೇಳ್ತೀನಿ."

ಅವರ ಮಾತು ನನಗೆ ಪೂರ್ತಿ ಅರ್ಥವಾಗಲಿಲ್ಲ. ಆ ದಿನ ಸಂಜೆ ಆಪಾ ಒಬ್ಬೊಬ್ಬ ಶಿಕ್ಷಕರ ಜೊತೆಗೂ ನಿಂತು ಮಾತಾಡುತ್ತಿದ್ದುದು ಮಾತ್ರ ಕಂಡಿತು.

ಶನಿವಾರ ಕಾರ್ಯದರ್ಶಿಯವರ ಕೋಣೆಯ ಬೆಂಚಿನ ಮೇಲೆ ನಾಲ್ಕೈದು ಪಾಲಕರು ಕೂತಿದ್ದರು. ನಾನು ಒಳಗೆ ಹೋಗಿ ಮತ್ತೆ ಅದೇ ಮಾತು ಕೇಳಿದೆ. ಕಾರ್ಯದರ್ಶಿಯವರು ಮುಖ ಗಂಟಿಕ್ಕಿದರು. ಅಷ್ಟರಲ್ಲಿ ಆಪಾ ನನ್ನ ಪಕ್ಕಕ್ಕೆ ಬಂದು ನಿಂತರು.

"ಸರ್, ನಂದೂ ಕೊಡ್ರಿ."

"ನಿಮಗ್ಯಾಕ್ರಿ ಆಪಾ? ನೀವೆಲ್ಲಿಗಿ ಹೊಂಟೀರಿ?"

"ಎಲ್ಲೂ ಹೋಗಂಗಿಲ್ರಿ. ಹದಿನೆಂಟ್ ವರ್ಷ ಆತು, ನೋಡೇ ಇಲ್ಲ. ನೋಡ್ಬೇಕನಸ್ಯಾದ."

ಅವರ ಹಿಂದೆ ವಿಜ್ಞಾನದ ಟೀಚರು ಬಂದರು. ಆಮೇಲೆ ಕನ್ನಡದ ಮೇಷ್ಟ್ರು, ಡ್ರಿಲ್ ಮೇಷ್ಟ್ರು, ಒಂದನೇ ತರಗತಿಯ ಇಬ್ಬರು. ಶಾಲೆಯ ಹನ್ನೊಂದು ಜನ ಶಿಕ್ಷಕರೂ ಬಾಗಿಲ ಹೊರಗಿನವರೆಗೆ ಸಾಲು ನಿಂತೆವು. ಯಾರೂ ದನಿ ಏರಿಸಲಿಲ್ಲ. "ನಂದೂ ಕೊಡ್ರಿ ಸರ್" ಎನ್ನುವುದಷ್ಟೇ ಒಬ್ಬರಾದ ಮೇಲೆ ಒಬ್ಬರ ಬಾಯಿಂದ ಬಂತು.

ಬೆಂಚಿನ ಮೇಲಿದ್ದ ಒಬ್ಬ ಟ್ರ್ಯಾಕ್ಟರ್ ಮೆಕ್ಯಾನಿಕ್, ನನ್ನ ತರಗತಿಯ ಹುಡುಗಿಯ ತಂದೆ, ಕುತೂಹಲದಿಂದ ಕೇಳಿದ: "ಏನ್ ಕಾಗದ ಅವ್ರಿ ಸರ್?"

ಆಪಾ ಹೇಳಿದರು, "ನಮ್ಮ ಓದಿನ ಕಾಗದ, ಭಾಯಿ."

"ಟೀಚರ್ ಮಂದಿ ಕಾಗದ ನಿಮ್ಮ ಕಡಿ ಯಾಕ ಅವ್ರಿ?" ಅವನ ದನಿಯಲ್ಲಿ ಜಗಳವಿರಲಿಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದ್ದ.

ಕಾರ್ಯದರ್ಶಿಯವರು ಅವನನ್ನು ನೋಡಿದರು, ನಮ್ಮ ಸಾಲನ್ನು ನೋಡಿದರು. ಕೈ ಜೇಬಿಗೆ ಹೋಯಿತು. ಎದ್ದು ಕಪಾಟು ತೆರೆದರು. ಒಳಗಿಂದ ಹಳೆ ಕಾಗದದ ಕಮಟು ವಾಸನೆ ಬಂತು. ಹೆಸರು ಓದಿ ಓದಿ ಒಬ್ಬೊಬ್ಬರ ಕೈಗೆ ಲಕೋಟೆ ಕೊಟ್ಟರು. ನನ್ನದು ಕೈಗೆ ಬಂದಾಗ ಬಿಚ್ಚಿ ಎಣಿಸಿದೆ. ನಾಲ್ಕೂ ಇದ್ದವು.

ಆಪಾರ ಲಕೋಟೆಯ ಒಂದು ಮೂಲೆಯನ್ನು ಹುಳ ತಿಂದಿತ್ತು. ಹಿಂದಿ ಪರೀಕ್ಷೆಯ ಪ್ರಮಾಣಪತ್ರದ ಅಂಚು ಜಾಲರಿಯಾಗಿತ್ತು. ಅಂಕಗಳೂ ಮುದ್ರೆಯೂ ಉಳಿದಿದ್ದವು, ತೀರಿಹೋದ ಅವರ ತಂದೆಯ ಹೆಸರೂ ಉಳಿದಿತ್ತು. ಆ ಹೆಸರಿನ ಮೇಲೆ ಬೆರಳಾಡಿಸಿ, "ಅಬ್ಬಾನ ಹೆಸರು ಛಲೋ ಕಾಣ್ತದ" ಎಂದಷ್ಟೇ ಅಂದು ಸೆರಗಿನಲ್ಲಿ ಸುತ್ತಿಕೊಂಡರು. ಕಾರ್ಯದರ್ಶಿಯವರು ಮುಖ ತಿರುಗಿಸಿ ಕಿಟಕಿಯ ಕಡೆ ನಿಂತರು. ಅವರಿಗೆ ನಾಚಿಕೆಯಾಗಿತ್ತು ಎಂದು ಈಗಲೂ ನಂಬಿದ್ದೇನೆ.

ಸೋಮವಾರ ನಸುಕಿನ ಬಸ್ಸಿಗೆ ಹೊರಟೆ. ಶಹಾಪುರದಲ್ಲಿ ಬಸ್ಸು ಬದಲಾಯಿಸುವಾಗಲೂ ಲಕೋಟೆಯನ್ನು ಎದೆಗೆ ಒತ್ತಿಕೊಂಡೇ ಇದ್ದೆ. ಭೀಮಾ ನದಿಯ ಸೇತುವೆ ದಾಟುವಾಗ ಕಿಟಕಿಯಿಂದ ಗಾಳಿ ಬೀಸಿತೆಂದು ಗಾಜು ಮುಚ್ಚಿದೆ. ಯಾದಗಿರಿಯ ಕಚೇರಿಯಲ್ಲಿ ಗುಮಾಸ್ತೆಯೊಬ್ಬರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಪಟ್ಟಿಯಲ್ಲಿ ಗುರುತು ಹಾಕಿ, "ಎಲ್ಲಾ ಬರೋಬರಿ ಅವ. ಹೋಗ್ರಿ ತಂಗಿ" ಅಂದರು. ಐದು ನಿಮಿಷದ ಕೆಲಸ. ಹೊರಗೆ ಬಂದ ಮೇಲೆ ಹಸಿವು ಗೊತ್ತಾಯಿತು. ಬಸ್ ಸ್ಟ್ಯಾಂಡಿನ ಎದುರು ಒಂದು ತಟ್ಟೆ ಮಂಡಕ್ಕಿಯ ಸುಸಲಾ, ಎರಡು ಮಿರ್ಚಿ ಬಜ್ಜಿ ತಿಂದು, ಖಾರಕ್ಕೆ ಕಣ್ಣೀರು ಬಂದಾಗ ಒರೆಸಿಕೊಳ್ಳದೆ ನಗುತ್ತ ಕೂತೆ.

ನೇಮಕದ ಆದೇಶ ಬರಲು ಎರಡು ತಿಂಗಳಾಯಿತು. ಅಲ್ಲಿಯವರೆಗೂ ಶಾಲೆಗೆ ಹೋದೆ, ಹತ್ತನೇ ತರಗತಿಯ ಪಾಠವನ್ನೆಲ್ಲ ಮುಗಿಸಿಕೊಟ್ಟೆ. ಲಕೋಟೆ ನನ್ನ ಕೋಣೆಯ ಟ್ರಂಕಿನಲ್ಲಿತ್ತು. ಆಪಾ ಮನೆಯಿಂದ ಒಂದು ಸ್ಟೂಲು ತಂದು ತಮ್ಮ ತರಗತಿಯಲ್ಲಿಟ್ಟರು. ಕಾರ್ಯದರ್ಶಿ ನೋಡಿದರು, ತೆಗೆಸಲಿಲ್ಲ. ಮರುವಾರ ವಿಜ್ಞಾನದ ಟೀಚರಿಗೆ ಜವಾನರೇ ಒಂದು ಕುರ್ಚಿ ಹೊತ್ತು ತಂದರು. ಯಾರು ಹೇಳಿದ್ದರೋ ಕೇಳಲಿಲ್ಲ.

ನಾನು ಬಿಡುವ ದಿನ ಕಾರ್ಯದರ್ಶಿಯವರು ಬಿಡುಗಡೆ ಪತ್ರಕ್ಕೆ ತಕರಾರಿಲ್ಲದೆ ಸಹಿ ಹಾಕಿದರು. "ಗಣಿತಕ್ಕ ಯಾರರೆ ಛಲೋ ಮಂದಿ ಇದ್ರ ಹೇಳ್ರಿ" ಅಂದರು. ನನ್ನ ಜೊತೆ ಓದಿದ ಒಬ್ಬಳ ನಂಬರು ಕೊಟ್ಟೆ. ಒಂದು ಮಾತು ಸೇರಿಸಿದೆ: "ಆಕಿ ಜೆರಾಕ್ಸ್ ಅಷ್ಟೇ ಕೊಡ್ತಾಳ್ರಿ ಸರ್." ಅವರು ಪೆನ್ನಿನ ಮುಚ್ಚಳ ಹಾಕುತ್ತ, "ಆತು, ಅಷ್ಟೇ ಸಾಕು" ಅಂದರು.