ಬಿಸಿಲಲ್ಲೇ ಏರಿದ ಕೃಷ್ಣೆ

ಮೂರು ವರ್ಷದ ಹಿಂದಿನ ಮಾತು. ಮಹಾನವಮಿ ಅಮಾವಾಸ್ಯೆ ಹತ್ತಿರ ಬಂದಿತ್ತು. ಘಟ ಕೂಡಿಸುವ ಮೊದಲು ಮನೆಯ ಹಾಸಿಗೆ, ಹೊದಿಕೆಗಳನ್ನೆಲ್ಲ ಹೊಳೆಗೆ ಒಯ್ದು ಒಗೆಯದಿದ್ದರೆ ನಮ್ಮ ಅತ್ತೆಯ ಪಾಲಿಗೆ ಹಬ್ಬವೇ ಅಲ್ಲ. ಹಳೆ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಅವರು ಕೈಯಾರೆ ಹೊಲಿದ ಕೌದಿಗಳೇ ಮನೆ ತುಂಬ ಇದ್ದವು. ಎಲ್ಲವನ್ನೂ ನೆರೆಮನೆಯವರ ಟ್ರ್ಯಾಕ್ಟರಿಗೆ ಹೇರಿಕೊಂಡು ಬೆಳಿಗ್ಗೆಯೇ ಅತ್ತೆ, ನಾನು ಇಬ್ಬರೂ ನನ್ನ ಗಂಡನ ಊರು ದೇವಾಪುರದಿಂದ ಕೃಷ್ಣೆಯತ್ತ ಹೊರಟೆವು.

ನಾನು ಯಾದಗಿರಿಯವಳು, ಭೀಮಾ ದಂಡೆಯಲ್ಲಿ ಬೆಳೆದವಳು. ಶಾಲೆಯಲ್ಲಿ ಭೂಗೋಳದಲ್ಲಿ ಭಾರಿ ಜಾಣೆ. ಕೃಷ್ಣೆ ಮಹಾಬಲೇಶ್ವರದಲ್ಲಿ ಹುಟ್ಟಿ, ಭೀಮೆ, ತುಂಗಭದ್ರೆಯರನ್ನು ಕೂಡಿಕೊಂಡು, ನಾಲ್ಕು ರಾಜ್ಯಗಳ ನೀರು ಹೊತ್ತು ಸಮುದ್ರ ಸೇರುತ್ತಾಳೆ ಎಂದು ಗಡಗಡ ಹೇಳುತ್ತಿದ್ದೆ. ಪರೀಕ್ಷೆಗೆ ಅಷ್ಟು ಸಾಕಿತ್ತು. ಬೇರೆಯವರ ಊರಿನ ಮಳೆ ನಮ್ಮ ಕಾಲ ಬುಡಕ್ಕೆ ಬರುತ್ತದೆ ಎಂಬುದು ಮಾತ್ರ ತಲೆಗೆ ಹೊಕ್ಕಿರಲಿಲ್ಲ.

ಆವತ್ತು ತಲೆ ಸೀಳುವಂಥ ಬಿಸಿಲು. ಹೊಳೆಯಲ್ಲಿ ನೀರು ಕಡಿಮೆ ಇತ್ತು. ದಂಡೆಗೂ ನಡುವಿನ ದೊಡ್ಡ ಬಂಡೆಗೂ ಮಧ್ಯೆ ಪಾದ ಮುಳುಗುವಷ್ಟು ಮಾತ್ರ. ಕೌದಿ ಒಗೆದು ಆ ಬಂಡೆಯ ಮೇಲೆ ಹರವಿ ಅಲ್ಲೇ ಕೂತೆವು. ಟ್ರ್ಯಾಕ್ಟರಿನವರು ಸಂಜೆಗೆ ಬರುತ್ತೇವೆಂದು ಹೋದರು. ಮೇಲಿನ ಸೀಮೆಯಲ್ಲಿ ಮಳೆ ಜೋರಾಗಿದೆ, ಅಣೆಕಟ್ಟಿನಿಂದ ಹೊಳೆಗೆ ನೀರು ಬಿಡುತ್ತಾರೆ ಎಂದು ಆಮೇಲೆ ಊರಲ್ಲಿ ಡಂಗುರ ಸಾರಿದರಂತೆ. ನಮಗೆ ಯಾರು ಹೇಳಬೇಕು?

ಮಧ್ಯಾಹ್ನ ದಂಡೆಯಲ್ಲಿ ರೈತರೊಬ್ಬರು ತಮ್ಮ ಪಂಪ್‌ಸೆಟ್ಟಿನ ಮೋಟರಿಗೆ ಹಗ್ಗ ಕಟ್ಟಿ ಎಳೆಯತೊಡಗಿದರು. ನಮ್ಮನ್ನು ಕಂಡವರೇ ಕೂಗಿದರು: "ಯವ್ವಾ, ನೀರು ಏರಾಕತ್ಯಾವ! ಲಗು ಹೊರಗ ಬರ್ರಿ!"

ನೋಡಿದರೆ ಪಾದ ಮುಳುಗುವಷ್ಟಿದ್ದ ನೀರು ಆಗಲೇ ಕೆಂಪಗೆ, ಮೊಣಕಾಲಿನವರೆಗೆ ಬಂದಿತ್ತು.

"ಅತ್ತಿ, ನಡೀರಿ!" ಎಂದೆ.

ಅತ್ತೆ ಆಕಾಶ ನೋಡಿದರು. "ಮಳಿ ಎಲ್ಲದ? ಹನಿ ಬಿದ್ದಿಲ್ಲ. ಮೊದಲ ಕೌದಿ ಮಡಚು."

ಹಸಿ ಕೌದಿ ಎತ್ತಲು ಇಬ್ಬರು ಬೇಕು. ಒಂದನ್ನು ಎತ್ತುವಷ್ಟರಲ್ಲಿ ನೀರು ಬಂಡೆಯ ಅಂಚಿಗೆ ಬಂತು. ನನಗೆ ಸಿಟ್ಟು ನೆತ್ತಿಗೇರಿತು. "ಕೌದಿ ಇನ್ನೊಮ್ಮೆ ಹೊಲೀತೀರಿ, ನಿಮ್ಮನ್ನ ಎಲ್ಲಿಂದ ತರ್ಲಿ?" ಎಂದು ಚೀರಿಬಿಟ್ಟೆ. ಅತ್ತೆಗೆ ನಾನು ಎದುರಾಡಿದ್ದು ಅದೇ ಮೊದಲು. ಅವರು ಕೈಲಿದ್ದ ಕೌದಿಯನ್ನು ಬಿಟ್ಟರು.

ಅಷ್ಟರಲ್ಲಿ ಆ ರೈತರು ಮೋಟರನ್ನು ಅಲ್ಲೇ ನೀರಿನಲ್ಲಿ ಬಿಟ್ಟು, ಅದರ ಹಗ್ಗ ಬಿಚ್ಚಿ ನಮ್ಮತ್ತ ಎಸೆದರು. ಎರಡು ಸಲ ತಪ್ಪಿತು. ಮೂರನೆಯ ಸಲ ಸಿಕ್ಕಿತು.

"ಸೊಂಟಕ್ಕ ಕಟ್ಕೋರಿ! ಒಬ್ಬೊಬ್ಬರಽ ಬರ್ರಿ!"

"ನೀ ಮೊದಲ ಹೋಗು, ನಿನಗ ಸಣ್ಣ ಮಕ್ಕಳದಾವ," ಎಂದರು ಅತ್ತೆ. ನಾನು ಕೇಳಲಿಲ್ಲ. ಹಗ್ಗವನ್ನು ಇಬ್ಬರಿಗೂ ಸೇರಿಸಿ ಬಿಗಿದು ನೀರಿಗಿಳಿದೆ. ಎದೆಮಟ್ಟದ ಸೆಳವು. ನಡುವೆ ಅತ್ತೆಯ ಕಾಲು ಜಾರಿ ತಲೆ ಮುಳುಗಿತು. ಜಡೆ ಹಿಡಿದು ಎತ್ತಿದೆ. ಇಬ್ಬರೂ ಹೋದೆವು ಎಂದೇ ತಿಳಿದಿದ್ದೆ. ಆ ಪುಣ್ಯಾತ್ಮರು ದಂಡೆಯ ಜಾಲಿಗಿಡಕ್ಕೆ ಕಾಲು ಕೊಟ್ಟು ನಮ್ಮನ್ನು ಎಳೆದುಹಾಕಿದರು.

ತಿರುಗಿ ನೋಡಿದರೆ ಬಂಡೆಯೇ ಇರಲಿಲ್ಲ. ಕೌದಿಗಳು ಒಂದರ ಹಿಂದೊಂದು ರಾಯಚೂರಿನ ದಿಕ್ಕಿಗೆ ತೇಲಿ ಹೊರಟಿದ್ದವು. ಅತ್ತೆ ಅವುಗಳತ್ತ ನೋಡಲಿಲ್ಲ, ನನ್ನ ಮಣಿಕಟ್ಟು ಹಿಡಿದು ಕೂತಿದ್ದರು. ಆ ರೈತರ ಮೋಟರು ಮುಳುಗಿಹೋಗಿತ್ತು. "ಇರ್ಲಿ ಬಿಡ್ರಿ, ಜೀವಕ್ಕಿಂತ ಹೆಚ್ಚಿಂದೇನು?" ಎಂದರು. ಗಾಬರಿಯಲ್ಲಿ ಅವರ ಹೆಸರನ್ನೂ ಕೇಳಲಿಲ್ಲ.

ಈಗಲೂ ಘಟ್ಟದ ಮೇಲೆ ಮಳೆ ಎಂದು ಟೀವಿಯಲ್ಲಿ ಬಂದರೆ ನಾನು ಮೊದಲು ಮಕ್ಕಳೆಲ್ಲಿದ್ದಾರೆಂದು ನೋಡುತ್ತೇನೆ. ಅತ್ತೆಯ ಚಿಂತೆಯೇ ಬೇರೆ. "ಕೆಳಗಿನ ಊರಾಗ ಯಾವ ಹೆಣ್ಮಕ್ಕಳು ಹೊಳಿಗಿಳಿದಾರೋ ಏನೋ. ಯಾರಿಗರ ಫೋನ್ ಹಚ್ಚಿ ಹೇಳು," ಎನ್ನುತ್ತಾರೆ.

ನನಗೆ ಅಲ್ಲಿ ಯಾರೂ ಗೊತ್ತಿಲ್ಲ. ಆದರೂ ಪ್ರತಿ ಸಲ ಫೋನನ್ನು ಕೈಗೆತ್ತಿಕೊಳ್ಳುತ್ತೇನೆ.