ಟೀಚರ್ ತೂಗಿ ಕೊಟ್ಟ ಕ್ಯಾರವಾನ್

ಟೀಚರ ಎಡಗೈ ಬಲಗೈಗಿಂತ ಕಪ್ಪು. ಅಲ್ಪಸ್ವಲ್ಪ ಕಪ್ಪಲ್ಲ, ಇಬ್ಬರು ಬೇರೆ ಬೇರೆ ಹೆಂಗಸರ ಕೈ ತಂದು ಒಬ್ಬರಿಗೇ ಜೋಡಿಸಿದಷ್ಟು. ಬಹರೈನಿನಲ್ಲಿ ಕಾರಿನ ಸ್ಟೇರಿಂಗ್ ಎಡಗಡೆ ಇರುತ್ತದೆ. ಟೀಚರ್ ಇಲ್ಲಿದ್ದಷ್ಟು ವರ್ಷವೂ ಎಡ ಮೊಣಕೈಯನ್ನು ಕಿಟಕಿಯ ಹೊರಗಿಟ್ಟೇ ಗಾಡಿ ಓಡಿಸಿದವರು. ಗಾಜು ಏರಿಸಿ ಎಸಿ ಹಾಕಿಕೊಂಡರೆ ಎಂಜಿನ್ ಏನು ಹೇಳುತ್ತದೆಂದು ಕೇಳುವುದಿಲ್ಲ ಎಂಬುದು ಅವರ ತಕರಾರು. ನಾನು ನರ್ಸು, ಈ ಬಿಸಿಲು ಚರ್ಮಕ್ಕೆ ಏನೇನು ಮಾಡುತ್ತದೆಂದು ಹೇಳಿ ಹೆದರಿಸಿ ನೋಡಿದೆ. "ಆಯ್ತು ಸಿಸ್ಟರ್" ಎಂದು ನಕ್ಕರು. ಮರುದಿನವೂ ಮೊಣಕೈ ಹೊರಗೇ ಇತ್ತು.

ಉಮ್ ಅಲ್ ಹಸ್ಸಮ್‌ನ ನಮ್ಮ ಹಳೆಯ ಕಟ್ಟಡದಲ್ಲಿ ಅವರ ಮನೆ ನೆಲ ಅಂತಸ್ತಿನಲ್ಲಿ, ನಮ್ಮದು ಎರಡನೆಯದರಲ್ಲಿ. ಇಲ್ಲಿನ ಒಂದು ಶಾಲೆಯಲ್ಲಿ ಫಿಸಿಕ್ಸ್ ಕಲಿಸುತ್ತಿದ್ದರು. ನನ್ನ ಮಗಳೂ ಅವರ ಕೈಯಲ್ಲೇ ಕಲಿತವಳು. ಅವರದು ಉಡುಪಿ ಕಡೆಯ ಕ್ಯಾಥೊಲಿಕ್ ಮನೆತನ, ಮನೆಮಾತು ಕೊಂಕಣಿ; ನಮ್ಮದು ತುಳು. ಹಾಗಾಗಿ ಮೆಟ್ಟಿಲ ಬಳಿಯ ಹರಟೆಯೆಲ್ಲ ಕನ್ನಡದಲ್ಲಿ ನಡೆಯುತ್ತಿತ್ತು. ಅವರ ಹ್ಯಾಂಡ್‌ಬ್ಯಾಗಿನಲ್ಲಿ ಪೌಡರು, ಲಿಪ್‌ಸ್ಟಿಕ್ ಯಾವುದೂ ಸಿಗದು, ಸೀಮೆಸುಣ್ಣ ಮಾತ್ರ ಖಂಡಿತ ಸಿಗುತ್ತಿತ್ತು. ಮಾತಿನ ಮಧ್ಯೆ ಬಗ್ಗಿ ನೆಲದ ಮೇಲೆ ಚಿತ್ರ ಬರೆದೇಬಿಡುತ್ತಿದ್ದರು. ಕಟ್ಟಡದ ಕಾವಲುಗಾರ ಬೈದುಕೊಂಡು ಒರೆಸುತ್ತಿದ್ದ.

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಯಾರು ಏನೇ ಹೇಳಲಿ, ಪೂರ್ತಿ ಕೇಳಿಸಿಕೊಂಡು "ಮತ್ತೆ?" ಎನ್ನುತ್ತಿದ್ದರು. ಮಗಳು ಉತ್ತರ ಹೇಳಿದರೆ "ಮತ್ತೆ?" ತರಕಾರಿಯವನು ದರ ಹೇಳಿದರೂ "ಮತ್ತೆ?" ಎದುರಿಗಿದ್ದವರು ಹೇಳಬಾರದೆಂದು ಒಳಗಿಟ್ಟುಕೊಂಡದ್ದೂ ಎರಡು-ಮೂರು 'ಮತ್ತೆ'ಗಳಲ್ಲಿ ಹೊರಗೆ ಬರುತ್ತಿತ್ತು. ಅವರ ಎದುರು ಸುಳ್ಳು ಹೇಳುವ ಧೈರ್ಯ ನನಗಂತೂ ಬರಲಿಲ್ಲ.

ಕಟ್ಟಡದ ಹಿಂದಿನ ಖಾಲಿ ಜಾಗದಲ್ಲಿ ಅವರ ಕ್ಯಾರವಾನ್ ನಿಂತಿರುತ್ತಿತ್ತು. ಊರಿನಲ್ಲಿ ಕ್ಯಾರವಾನ್ ಎಂದರೆ ಸಿನಿಮಾದವರು ಮೇಕಪ್ ಮಾಡಿಕೊಳ್ಳುವ ದೊಡ್ಡ ಬಸ್ಸು. ಇದು ಹಾಗಲ್ಲ. ಕಾರಿನ ಹಿಂದೆ ಕೊಂಡಿಗೆ ಸಿಕ್ಕಿಸಿ ಎಳೆದುಕೊಂಡು ಹೋಗುವ, ಒಂದು ಹಾಸಿಗೆ, ಒಂದು ಒಲೆ, ಒಂದು ಮೇಜು ಹಿಡಿಯುವ ಪುಟ್ಟ ಮನೆ. ಚಳಿಗಾಲ ಬಂತೆಂದರೆ ಇಲ್ಲಿಯವರೆಲ್ಲ ಸಖೀರಿನ ಮರಳಿಗೆ ಹೋಗಿ ಡೇರೆ ಹೊಡೆಯುತ್ತಾರೆ. ಟೀಚರೂ ಅವರ ಗಂಡನೂ ವಾರದ ಕೊನೆಗೆ ಅಲ್ಲಿಗೆ ಹೊರಡುತ್ತಿದ್ದರು. ಅಂಕಲ್‌ಗೆ ಡ್ರೈವಿಂಗ್ ಬಾರದು. ಪಕ್ಕದಲ್ಲಿ ಕುಳಿತು ಕಿತ್ತಳೆ ಸುಲಿದು ಕೊಡುವುದಷ್ಟೇ ಅವರ ಕೆಲಸ. ಅಂಕಲ್ ಹೃದಯದ ಕಾಯಿಲೆಯಿಂದ ತೀರಿಕೊಂಡ ಮೇಲೂ ಟೀಚರ್ ಒಬ್ಬರೇ ಹೋಗುವುದನ್ನು ನಿಲ್ಲಿಸಲಿಲ್ಲ. ಜನ ಬಾಯಿಗೆ ಬಂದದ್ದು ಆಡಿಕೊಂಡರು, ಟೀಚರ್ ಕಿತ್ತಳೆಯನ್ನು ತಾವೇ ಸುಲಿದುಕೊಂಡು ಹೋದರು.

ನಮ್ಮ ಮನೆಯ ಕತೆ ಬೇರೆ. ನಮ್ಮವರು ಅಸ್ಕರಿನ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದವರು, ನಾನು ಆಸ್ಪತ್ರೆಯ ಶಿಫ್ಟಿನವಳು. ಮಗಳನ್ನು ನೋಡಿಕೊಳ್ಳಲು ಯಾರಾದರೊಬ್ಬರು ಮನೆಯಲ್ಲಿರಬೇಕಲ್ಲ, ಅದಕ್ಕೆ ಬೇಕೆಂದೇ ಎದುರು ಬದುರು ಶಿಫ್ಟ್ ಹಾಕಿಸಿಕೊಂಡೆವು. ಅವರು ಬರುವಾಗ ನಾನು ಹೊರಡುವುದು, ನಾನು ಬರುವಾಗ ಅವರು ಹೊರಡುವುದು. ಬಾಗಿಲಲ್ಲಿ ಬೀಗದ ಕೈ ಬದಲಾಯಿಸಿಕೊಂಡೇ ಸಂಸಾರ ಮಾಡಿದೆವು. ಮಗಳು ಓದು ಮುಗಿಸಿ ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಇಬ್ಬರಿಗೂ ಹಗಲಿನ ಡ್ಯೂಟಿ ಸಿಕ್ಕಿತು, ಇಬ್ಬರಿಗೂ ಶುಕ್ರವಾರ, ಶನಿವಾರ ರಜೆ. ಆಗ ಗೊತ್ತಾಯಿತು, ರಜೆಯ ದಿನ ಅವರು ಹಾಲ್‌ನಲ್ಲಿ ಟಿವಿಯ ಮುಂದೆ, ನಾನು ಅಡುಗೆಮನೆಯಲ್ಲಿ ಫೋನಿನ ಮುಂದೆ. ಜಗಳವಿಲ್ಲ, ಬೇಸರವೂ ಇಲ್ಲ. ಒಂದೇ ಲಾಡ್ಜಿನಲ್ಲಿ ಕೋಣೆ ಹಿಡಿದ ಇಬ್ಬರು ಮರ್ಯಾದಸ್ಥರಂತೆ ಇದ್ದೆವು.

ಇನ್ನೆರಡು ಚಳಿಗಾಲ ಕಳೆದರೆ ನಮ್ಮವರ ಕೆಲಸ ಮುಗಿಯುತ್ತಿತ್ತು. ಊರಿಗೆ ಹೋದರೆ ನೆಂಟರಿಷ್ಟರ ನಡುವೆ ಇಬ್ಬರೇ ಕೂರುವ ಮಾತೇ ಇಲ್ಲ. ಅದರೊಳಗೆ ನನ್ನ ಗಂಡ ಯಾರೆಂದು ನನಗೆ ಗೊತ್ತಾಗಬೇಕು ಎಂಬ ಹಟ ಹುಟ್ಟಿತು. ಟೀಚರನ್ನೂ ಅಂಕಲನ್ನೂ ನೋಡಿದ್ದೆನಲ್ಲ, ನಮಗೂ ಒಂದು ಸಣ್ಣ ಕ್ಯಾರವಾನ್ ಬೇಕೆಂದೆ. ಆಶ್ಚರ್ಯವೆಂದರೆ ನಮ್ಮವರು ಕೂಡಲೇ ಒಪ್ಪಿದರು. ಒಪ್ಪಿ, ಒಂದು ವಾರದೊಳಗೆ ನಾಲ್ಕು ಹಾಸಿಗೆಯ, ಸ್ನಾನದ ಕೋಣೆಯಿದ್ದ, ಆಳೆತ್ತರದ ಫ್ರಿಜ್ ಇದ್ದ ಒಂದು ಮಹಾಗಾಡಿಯ ಫೋಟೋ ತಂದು ತೋರಿಸಿದರು. ನನ್ನ ಮನಸ್ಸು ಕುಸಿಯಿತು. ಆದರೂ ಟೀಚರನ್ನು ಕೇಳೋಣ ಎಂದೆ.

ಟೀಚರ್ ಫೋಟೋ ನೋಡಿದರು.

"ಚಂದ ಉಂಟು. ನಿಮ್ಮ ಕಾರು ಎಷ್ಟು ಎಳೀತದೆ?"

"ಒಂದೂವರೆ ಟನ್," ಎಂದರು ನಮ್ಮವರು. "ಇದು ಸಾವಿರದ ಮುನ್ನೂರೈವತ್ತು ಕಿಲೋ. ಒಳಗೇ ಉಂಟು ಟೀಚರ್."

"ಮತ್ತೆ?"

"ಮತ್ತೆ ಎಂತ? ಅಷ್ಟೇ."

"ಅದು ಖಾಲಿ ಗಾಡಿಯ ತೂಕ ಮಾರಾಯ್ರೆ. ಊರಿಗೆ ಹೋಗುವಾಗ ನೀವು ಖಾಲಿ ಸೂಟ್‌ಕೇಸ್ ತೂಗಿ ಏರ್‌ಪೋರ್ಟಿಗೆ ಹೋಗುದಾ?"

ನಮ್ಮವರು ಪೆಚ್ಚಾದರು. ಗಲ್ಫಿನಲ್ಲಿರುವ ನಮ್ಮ ಕಡೆಯ ಯಾವ ಮನೆಯಲ್ಲಿ ಬೇಕಾದರೂ ನೋಡಿ, ಸೂಟ್‌ಕೇಸ್ ಸಿಕ್ಕಿಸಿ ಎತ್ತುವ ಕೈತಕ್ಕಡಿ ಒಂದು ಇರುತ್ತದೆ. ಊರಿಗೆ ಹೋಗುವ ವಾರ ಮನೆಮಂದಿಯೆಲ್ಲ ಅದರ ಸುತ್ತ ಕೂತು, ಒಂದು ಹಾಲಿನ ಪುಡಿ ಡಬ್ಬಿ ಹೊರಗೆ, ಎರಡು ಟವೆಲ್ ಒಳಗೆ ಎಂದು ಲೆಕ್ಕ ಹಾಕುತ್ತೇವೆ. ಅರ್ಧ ಕಿಲೋ ಹೆಚ್ಚಾದರೆ ಕೌಂಟರಿನ ಎದುರೇ ಪೆಟ್ಟಿಗೆ ಬಿಚ್ಚುವ ಜನ ನಾವು. ಅಂಥವರು ಒಂದು ಮನೆಯನ್ನೇ ಖಾಲಿ ತೂಕ ನೋಡಿ ಕೊಳ್ಳಲು ಹೊರಟಿದ್ದೆವು.

"ಶುಕ್ರವಾರ ಬೆಳಿಗ್ಗೆ ನೀವು ಒಯ್ಯುವ ಸಾಮಾನೆಲ್ಲ ಕೆಳಗೆ ತನ್ನಿ," ಎಂದರು ಟೀಚರ್. "ತಕ್ಕಡಿಯೂ ತನ್ನಿ. ಗಾಡಿ ಯಾವುದೂಂತ ಮತ್ತೆ ನೋಡುವ."

ಶುಕ್ರವಾರ ಪಾರ್ಕಿಂಗ್ ಜಾಗದಲ್ಲಿ ನಮ್ಮ ಸಂಸಾರ ಹರಡಿಕೊಂಡಿತು. ಟೀಚರ್ ಸೀಮೆಸುಣ್ಣದಲ್ಲಿ ನೆಲದ ಮೇಲೆ ಕ್ಯಾರವಾನಿನ ಆಕಾರ ಬರೆದು, ನಡುವೆ ಚಕ್ರ ಬರೆದು, ಮುಂದೆ ಕೊಂಡಿ ಬರೆದರು. ಒಂದೊಂದನ್ನೂ ತೂಗಿ ಗೆರೆಯೊಳಗೆ ಇಡಿಸಿದರು. ಗ್ಯಾಸ್ ಸಿಲಿಂಡರ್, ಜನರೇಟರ್, ನೀರಿನ ಕ್ಯಾನುಗಳು, "ನೀರು ಒಂದು ಲೀಟರಿಗೆ ಒಂದು ಕಿಲೋ, ಅದು ಯಾರಿಗೂ ರಿಯಾಯ್ತಿ ಕೊಡುದಿಲ್ಲ." ಭಾರದ್ದೆಲ್ಲ ಚಕ್ರದ ಮೇಲೆ ಬರಬೇಕು, ಕೊಂಡಿಯ ಮೇಲೆ ಒಟ್ಟು ಭಾರದ ಹತ್ತನೇ ಒಂದು ಪಾಲಿನಷ್ಟು ಕೂರಬೇಕು; ಕಡಿಮೆಯಾದರೆ ಗಾಡಿ ರಸ್ತೆಯಲ್ಲಿ ಬಾಲ ಅಲ್ಲಾಡಿಸುತ್ತದೆ, ಹೆಚ್ಚಾದರೆ ಕಾರಿನ ಮೂತಿ ಮೇಲೇಳುತ್ತದೆ ಎಂದು ಪಾಠ ಮಾಡಿದರು. ಕಾರಿನ ಪುಸ್ತಕದಲ್ಲಿ ಬರೆದದ್ದು ಒಳ್ಳೆಯ ರಸ್ತೆಗೆ, ಮರಳಿಗಿಳಿಯುವವರು ಅದರ ಮುಕ್ಕಾಲಿಗೇ ನಿಲ್ಲಿಸಬೇಕು ಎಂಬುದು ಅವರ ಕಟ್ಟುನಿಟ್ಟು. ಅಷ್ಟು ಹೊತ್ತಿಗೆ ನಮ್ಮವರು ಇಪ್ಪತ್ತು ಜನರಿಗೆ ಕೋಳಿ ಸುಕ್ಕ ಮಾಡುವ ಪಾತ್ರೆ, ಕೇರಂ ಬೋರ್ಡು, ಹಾಡಿನ ದೊಡ್ಡ ಪೆಟ್ಟಿಗೆ ಎಲ್ಲ ತಂದಿದ್ದರು. ಕೊನೆಗೆ ಮಡಚುವ ಕುರ್ಚಿಗಳು ಬಂದವು, ಹತ್ತು.

"ಹತ್ತು ಕುರ್ಚಿ ಯಾರಿಗೆ?" ಎಂದು ಕೇಳಿದರು ಟೀಚರ್.

"ಪ್ಲಾಂಟಿನ ಫ್ರೆಂಡ್ಸ್ ಬರ್ತಾರೆ. ಸಂಘದವರು ಬರ್ತಾರೆ."

"ಮತ್ತೆ?"

"ಯಾರಾದ್ರೂ ಬರ್ತಾರಲ್ಲ ಟೀಚರ್, ಜನ ಇದ್ರೆ ಗಮ್ಮತ್ತು."

"ಮತ್ತೆ?"

ನಮ್ಮವರು ಕೈಯಲ್ಲಿದ್ದ ಕುರ್ಚಿಯನ್ನು ಬಿಚ್ಚಿದರು, ಮಡಚಿದರು. ನನ್ನ ಕಡೆ ನೋಡದೆ ಹೇಳಿದರು, "ಇಬ್ಬರೇ ಹೋಗಿ ಎಂತ ಮಾಡುದು? ನಮಗೆ ಮಾತಾಡ್ಲಿಕ್ಕೆ ಎಂತ ಉಂಟು? ಅವಳಿಗೆ ಅರ್ಧ ಗಂಟೆಯಲ್ಲಿ ಬೋರ್ ಆಗ್ತದೆ."

ನನಗೆ ಅಳು ಬಂತು, ಸಿಟ್ಟೂ ಬಂತು. ನಾಲ್ಕು ಹಾಸಿಗೆಯ ಗಾಡಿ ದೊಡ್ಡಸ್ತಿಕೆಗೆ ಎಂದುಕೊಂಡಿದ್ದೆ. ಅದು ಹೆದರಿಕೆ ಎಂದು ನನಗೆ ಹೊಳೆದೇ ಇರಲಿಲ್ಲ. ಟೀಚರ್ ಈಗ ಏನಾದರೂ ಬುದ್ಧಿಮಾತು ಹೇಳುತ್ತಾರೆ, ದಾಂಪತ್ಯ ಗೀಂಪತ್ಯ ಎಂದು ಶುರು ಮಾಡುತ್ತಾರೆ ಎಂದು ನಾನು ತಲೆ ತಗ್ಗಿಸಿ ನಿಂತೆ.

"ಅದು ನನಗೆ ಗೊತ್ತಿಲ್ಲ," ಎಂದರು ಟೀಚರ್. "ನಾನು ಫಿಸಿಕ್ಸ್ ಟೀಚರ್. ಹತ್ತು ಕುರ್ಚಿ, ನಾಲ್ಕು ಹಾಸಿಗೆ ಹಾಕಿದ್ರೆ ನಿಮ್ಮ ಕಾರು ಎಳೆಯುದಿಲ್ಲ. ಎರಡು ಕುರ್ಚಿ, ಒಂದು ಹಾಸಿಗೆ ಹಾಕಿದ್ರೆ ಎಳೀತದೆ. ಅಷ್ಟೇ ನಾನು ಹೇಳುದು."

ನಮ್ಮವರು ನಕ್ಕುಬಿಟ್ಟರು. ಆಮೇಲೆ ಎಂಟು ಕುರ್ಚಿಗಳನ್ನು ಒಂದೊಂದಾಗಿ ಗೆರೆಯಿಂದ ಹೊರಗಿಟ್ಟರು. ಸುಕ್ಕದ ಪಾತ್ರೆಯನ್ನು ತೆಗೆಯುವಾಗ ಮಾತ್ರ ಮುಖ ಸಣ್ಣದಾಯಿತು.

ಆಮೇಲಿನದನ್ನೆಲ್ಲ ಟೀಚರೇ ಕೈಗೆತ್ತಿಕೊಂಡರು. ಕೆಲಸ ಬಿಟ್ಟು ಹೊರಡುತ್ತಿದ್ದ ಒಂದು ದಂಪತಿಯ ಪುಟ್ಟ ಕ್ಯಾರವಾನ್ ರಿಫಾದಲ್ಲಿದೆ ಎಂದು ಪತ್ತೆ ಮಾಡಿದರು. ತುಂಬಿಸಿದ ಮೇಲೂ ಅವರ ಮುಕ್ಕಾಲು ಲೆಕ್ಕದೊಳಗೆ ಧಾರಾಳವಾಗಿ ಬರುವಂಥದ್ದು. ಕಾರು ನಿಲ್ಲಿಸಿದವರೇ ಗಾಡಿಯ ಕೆಳಗೆ ನುಸುಳಿದರು. ಟೈರಿನ ಮೇಲೆ ಅದು ತಯಾರಾದ ವರ್ಷ ಓದಿದರು, ಇಲ್ಲಿಯ ಬಿಸಿಲಿಗೆ ಟೈರು ಓಡದೆಯೂ ಮುದಿಯಾಗುತ್ತದಂತೆ. ನೆಲವನ್ನು ಹಿಮ್ಮಡಿಯಲ್ಲಿ ಒತ್ತಿ ಒತ್ತಿ ಎಲ್ಲಿ ಮೆತ್ತಗಿದೆ ಎಂದು ಹುಡುಕಿದರು. ಕಿಟಕಿಯ ರಬ್ಬರನ್ನು ಉಗುರಿನಿಂದ ಕೆರೆದು, "ಇದು ಹೋಗಿದೆ, ಬದಲಾಯಿಸಿ ಕೊಡಿ" ಎಂದು ಗಾಡಿಯವರಿಗೆ ಇಂಗ್ಲಿಷಿನಲ್ಲಿ ಅಪ್ಪಣೆ ಕೊಟ್ಟರು. ಆಮೇಲೆ ನಮ್ಮಿಬ್ಬರ ಕಡೆ ತಿರುಗಿ, "ಚಪ್ಪಲಿ ತೆಗೀರಿ. ಮಲಗಿ," ಎಂದರು.

"ಇಲ್ಲಿಯಾ?" ಎಂದರು ನಮ್ಮವರು. ಗಾಡಿಯ ಮಾಲೀಕರು ಗಂಡ ಹೆಂಡತಿ ಇಬ್ಬರೂ ಬಾಗಿಲಲ್ಲೇ ನಿಂತಿದ್ದರು.

"ಮಲಗ್ಲಿಕ್ಕೆ ತಾನೇ ತಗೊಳ್ಳುದು. ಕಾಲು ಹಿಡೀತದಾ ನೋಡಿ. ನಡುರಾತ್ರಿ ನೀವು ಎದ್ದು ಅವಳನ್ನು ದಾಟಬೇಕಾ, ಅವಳು ನಿಮ್ಮನ್ನು ದಾಟಬೇಕಾ, ಈಗಲೇ ತೀರ್ಮಾನ ಮಾಡಿ."

ಮದುವೆಯ ದಿನವೂ ನಾನು ಅಷ್ಟು ನಾಚಿರಲಿಲ್ಲ. ಇಬ್ಬರೂ ಚಾವಣಿ ನೋಡಿಕೊಂಡು ಶವಾಸನದಲ್ಲಿ ಮಲಗಿದೆವು. ನಮ್ಮವರ ಕಾಲು ಸರಿಯಾಗಿ ಹಿಡಿಯಿತು. ಗೋಡೆಯ ಕಡೆ ನಾನೇ ಎಂದು ತೀರ್ಮಾನವಾಯಿತು. ಗಾಡಿ ನಮ್ಮದಾಯಿತು.

ಮೊದಲ ಸಲ ಸಖೀರಿಗೆ ಟೀಚರ್ ತಮ್ಮ ಗಾಡಿ ಎಳೆದುಕೊಂಡು ಮುಂದೆ ಹೋದರು, ನಾವು ಹಿಂದೆ. ಗಾಡಿಯನ್ನು ಹಿಂದಕ್ಕೆ ತಗೊಳ್ಳುವುದು ಕಲಿಸುವಾಗ ಸ್ಟೇರಿಂಗಿನ ತಳಭಾಗ ಹಿಡಿಸಿ, "ಗಾಡಿಯ ಹಿಂಬದಿ ಯಾವ ಕಡೆ ಹೋಗಬೇಕೋ ಕೈ ಆ ಕಡೆ," ಎಂದು ನನ್ನಿಂದಲೇ ಮಾಡಿಸಿದರು. ನಮ್ಮವರಿಗಿಂತ ನನಗೇ ಬೇಗ ಬಂತು, ಅದನ್ನು ನಾನು ಇಂದಿಗೂ ಹೇಳಿಕೊಳ್ಳುತ್ತೇನೆ. ಸಂಜೆ ಚಹಾ ಕುಡಿದ ಟೀಚರ್ ಗಾಡಿಗೆ ಕೊಂಡಿ ಹಾಕತೊಡಗಿದರು. ಇರಿ ಎಂದೆವು. ನಾಳೆ ಟ್ಯೂಷನ್ ಉಂಟು ಎಂದರು. ಶನಿವಾರ ಅವರು ಟ್ಯೂಷನ್ ಮಾಡುವುದಿಲ್ಲವೆಂದು ಇಡೀ ಕಟ್ಟಡಕ್ಕೆ ಗೊತ್ತಿತ್ತು.

ಆ ಸಂಜೆ ಸುಲಭವಾಗಿರಲಿಲ್ಲ. ನಮ್ಮವರು ತೊಳೆದ ಲೋಟವನ್ನೇ ಮತ್ತೆ ತೊಳೆದರು. ನಾನು ಆಸ್ಪತ್ರೆಯ ಸುದ್ದಿ ಹೇಳಿದೆ, ಅವರು ಹೂಂ ಎಂದರು. ಮುಂದಿನ ವಾರವೂ ಹಾಗೇ. ಆದರೆ ಮನುಷ್ಯ ಎಷ್ಟೆಂದು ಸುಮ್ಮನಿರಲು ಸಾಧ್ಯ? ಮೂರನೆಯದೋ ನಾಲ್ಕನೆಯದೋ ಸಲ, ಮೀನು ಹುರಿಯುತ್ತಾ, ಮೊದಲ ಬೇಸಿಗೆಯಲ್ಲಿ ಕಾರ್ಖಾನೆಯ ಸೆಕೆಗೆ ತಲೆ ತಿರುಗಿ ಬಿದ್ದ ಕತೆ ಹೇಳಿದರು. ನಾನು ನರ್ಸು, ನನ್ನ ಗಂಡ ಬಿದ್ದದ್ದು ನನಗೇ ಗೊತ್ತಿರಲಿಲ್ಲ. "ನೀನು ಡ್ಯೂಟಿಯಲ್ಲಿದ್ದಿ," ಎಂದರು. ನಾನೂ ನನ್ನ ವಾರ್ಡಿನ ಕತೆಗಳನ್ನು ಬಿಚ್ಚಿದೆ. ಆ ಚಳಿಗಾಲ ಮುಗಿಯುವ ಹೊತ್ತಿಗೆ ನಾವು ಜಗಳವಾಡುವಷ್ಟು ಹತ್ತಿರವಾಗಿದ್ದೆವು.

ಆ ಬೇಸಿಗೆಯಲ್ಲಿ ಟೀಚರ್ ಶಾಲೆ ಬಿಟ್ಟು ಮಂಗಳೂರಿಗೆ, ತಂಗಿಯ ಮನೆಗೆ ಹೋದರು. ಅವರ ಕ್ಯಾರವಾನನ್ನು ಹೊಸದಾಗಿ ಮದುವೆಯಾದ ಬ್ಯಾರಿ ಹುಡುಗನೊಬ್ಬ ಕೊಂಡ. ಅವನನ್ನೂ ಅವನ ಹೆಂಡತಿಯನ್ನೂ ಮಲಗಿಸಿ ನೋಡಿಯೇ ಕೊಟ್ಟರಂತೆ. ಹೊರಡುವ ದಿನ ನಾನು ಅವರ ಕಾಲು ಮುಟ್ಟಲು ಹೋದೆ. "ಟೈರಿನ ಗಾಳಿ ನೋಡು ಮಾರಾಯ್ತಿ, ಕಾಲು ಬಿಡು," ಎಂದರು. ಕಣ್ಣಲ್ಲಿ ನೀರಿತ್ತು, ಇಬ್ಬರದ್ದೂ.

ಮುಂದಿನ ಚಳಿಗಾಲದ ಒಂದು ಶುಕ್ರವಾರ ಬೆಳಿಗ್ಗೆ, ನಾವು ಸಖೀರಿನಲ್ಲಿರುವಾಗಲೇ, ಅವರ ತಂಗಿಯ ಫೋನ್ ಬಂತು. ಟೀಚರ್ ಹೋಗಿಬಿಟ್ಟಿದ್ದರು. ಎರಡು ದಿನದ ಜ್ವರ, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ನಮ್ಮವರು ಚಹಾಕ್ಕೆ ನೀರಿಟ್ಟಿದ್ದರು. ನಾನು ಹೇಳಿದೆ. ಅವರು ಒಲೆ ಆರಿಸಿ, ಹಾಸಿಗೆಯ ಅಂಚಿನಲ್ಲಿ ಕೂತು, ಮುಖ ಮುಚ್ಚಿಕೊಂಡು ಜೋರಾಗಿ ಅತ್ತರು. ನನ್ನ ಗಂಡ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಅತ್ತೆ ತೀರಿಕೊಂಡ ಸುದ್ದಿ ಬಂದಾಗ ನಾನು ಆಸ್ಪತ್ರೆಯಲ್ಲಿದ್ದೆ. ನಾನು ಮನೆಗೆ ಬರುವಷ್ಟರಲ್ಲಿ ಅವರು ಸಿಕ್ಕಿದ ವಿಮಾನ ಹತ್ತಿಯಾಗಿತ್ತು. ತಿರುಗಿ ಬಂದವರು ನೇರ ಶಿಫ್ಟಿಗೆ ಹೋದರು. ಆಮೇಲೆ ಆ ಮಾತು ಬರಲೇ ಇಲ್ಲ.

ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಕಣ್ಣು ಒರೆಸಿಕೊಂಡು, "ಅಮ್ಮ ಹೋದಾಗ ನೀನು ಇರ್ಲಿಲ್ಲ," ಎಂದರು. ಆ ಮಾತಿನಲ್ಲಿ ದೂರು ಇರಲಿಲ್ಲ.

"ಈಗ ಇದ್ದೇನಲ್ಲ," ಎಂದೆ. "ಹೇಳಿ."

ಅವರು ಹೇಳಿದರು. ಮಧ್ಯಾಹ್ನದವರೆಗೂ ಅಮ್ಮನ ಬಗ್ಗೆಯೇ ಹೇಳಿದರು.