ಗುಡ್ಡದ ಸದ್ದಿಗೆ ಗ್ಯಾಸ್ ಆಫ್

ಕಳೆದ ಭಾನುವಾರ ನನ್ನ ತಂಗಿ ವನಜ ಒಂದು ಬಾಣಲೆ ಗೋಳಿಬಜೆ ಕರಿಯುವಷ್ಟರಲ್ಲಿ ಮೂರು ಸಲ ಗ್ಯಾಸ್ ಆಫ್ ಮಾಡಿದಳು.

ಮೊದಲ ಸಲ ಸಿಲಿಂಡರ್ ಖಾಲಿಯಾಯಿತೇನೋ ಅಂದುಕೊಂಡೆ. ಎರಡನೇ ಸಲ ಫೋನ್ ಬಂತೇನೋ ಅಂದುಕೊಂಡೆ. ಮೂರನೇ ಸಲ ಬಾಯಿಬಿಟ್ಟು ಕೇಳಿಯೇಬಿಟ್ಟೆ. ಅವಳು ಸಟ್ಟುಗ ಹಿಡಿದ ಕೈಯನ್ನೇ ಎತ್ತಿ ನನ್ನನ್ನು ಸುಮ್ಮನಿರಿಸಿ, ಹಿಂಬಾಗಿಲ ಕಡೆ ಕಿವಿಗೊಟ್ಟಳು. ಹೊರಗೆ ಮಳೆ ಬಿಟ್ಟರೆ ಬೇರೇನೂ ಇಲ್ಲ.

"ಎಣ್ಣೆ ಚುಂಯ್ ಅಂತಿದ್ರೆ ಗುಡ್ಡದ ಸದ್ದು ಕೇಳೂದಿಲ್ಲ ಅಣ್ಣ," ಅಂದಳು. (ನಾವು ಮಾತಾಡುವುದು ತುಳುವಿನಲ್ಲಿ. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ಯಾವ ಸದ್ದು? ಕಲ್ಲು ಉರುಳುವ ಸದ್ದು. ಗುಡ್ಡ ಜರಿಯುವ ಮೊದಲು ಸಣ್ಣ ಕಲ್ಲುಗಳು ಉದುರುತ್ತವಂತೆ. ಆಮೇಲೆ ಓಡಲು ಎಷ್ಟು ಟೈಮ್ ಸಿಗುತ್ತದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ವನಜ ಮತ್ತು ಅವಳ ಗಂಡ ಸದಾನಂದ ಭಾವ ಇರುವುದು ಬದಲಾಪುರ ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಅರ್ಧ ಗಂಟೆ ದೂರದ ಒಂದು ಕಣಿವೆಯಲ್ಲಿ. ಮೂರು ಕಡೆ ಗುಡ್ಡ, ನಡುವೆ ಹಳ್ಳ, ಹಳ್ಳದ ಬದಿಗೆ ಭತ್ತದ ಗದ್ದೆ, ಗದ್ದೆಯ ನಡುವೆ ಬಿಲ್ಡರುಗಳ ಬೋರ್ಡು. ಭಾವ ಮೊದಲು ಅಂಬರನಾಥದ ಒಂದು ಕಾರ್ಖಾನೆಯಲ್ಲಿ ಕ್ಯಾಂಟೀನ್ ನಡೆಸುತ್ತಿದ್ದರು. ಕಾರ್ಖಾನೆಗೆ ಬೀಗ ಬಿತ್ತು, ಕ್ಯಾಂಟೀನಿಗೂ ಬಿತ್ತು. ಕೈಯಲ್ಲಿ ಉಳಿದದ್ದರಲ್ಲಿ ಗುಡ್ಡದ ಬುಡಕ್ಕೆ ಅಂಟಿಕೊಂಡ ಎರಡು ರೂಮಿನ ಮನೆ ಕೊಂಡು, ಎದುರಿಗೆ ರಸ್ತೆಯ ಕಡೆ ಚಾ-ತಿಂಡಿಯ ಸಣ್ಣ ಹೋಟೆಲ್ ಇಟ್ಟರು.

ಮನೆ ನೋಡಲು ಹೋದಾಗ ನಾನೂ ಜೊತೆಗಿದ್ದೆ. ಹಸಿರು ಗುಡ್ಡ, ಮೇಲಿಂದ ಇಳಿಯುವ ನೀರು. ಥೇಟ್ ನಮ್ಮ ಊರಿನ ಹಾಗೇ ಉಂಟಲ್ಲ ಭಾವ ಎಂದು ಕುಣಿದಾಡಿದವನು ನಾನೇ. ಆದರೆ ಮನೆಯ ಹಿಂದೆ ಬಟ್ಟೆ ಒಣಗಿಸಲೂ ಜಾಗವಿರಲಿಲ್ಲ. ಅದಕ್ಕೂ ಉಪಾಯ ಹೇಳಿದವನು ನಾನೇ. ಉಡುಪಿ ಕಡೆ ನಾವು ಏನು ಮಾಡುತ್ತೇವೆ? ಗುಡ್ಡದ ಬುಡ ಕಡಿದು, ಗೋಡೆಯ ಹಾಗೆ ನೆಟ್ಟಗೆ ದರೆ ನಿಲ್ಲಿಸಿ, ಸಿಕ್ಕಿದ ಜಾಗದಲ್ಲಿ ಅಂಗಳ ಮಾಡುತ್ತೇವೆ. ಅಜ್ಜ ಮಾಡಿದ್ದು, ಅಪ್ಪ ಮಾಡಿದ್ದು. ಇಲ್ಲಿ ಮಾಡಿದರೆ ಏನಂತೆ?

ಭಾವ ಮಾಡಿಸಿದರು. ಅಂಗಳ ಬಂತು. ಅಂಗಳದಲ್ಲಿ ಅಡಿಗೆಮನೆಯೂ ಬಂತು.

ಪಕ್ಕದ ಮನೆಯ ಮರಾಠಿ ಅಜ್ಜಿ ಆಗಲೇ ಎಚ್ಚರಿಸಿದ್ದರು, ಹೊಟ್ಟೆ ಕೊಯ್ದರೆ ಗುಡ್ಡ ಕೂತುಬಿಡುತ್ತದೆ ಎಂದು. ಕಣಿವೆಯ ಹಳಬರು ಗುಡ್ಡದಿಂದ ನಾಲ್ಕು ಮಾರು ಆಚೆಯೇ ಮನೆ ಕಟ್ಟುತ್ತಾರೆ. ನಾವು ನಕ್ಕೆವು. ನಮಗೆ ಗುಡ್ಡ ಗೊತ್ತಿಲ್ಲವೇ? ಗೊತ್ತಿದ್ದದ್ದು ಮುರಕಲ್ಲಿನ ಗುಡ್ಡ, ಕಡಿದ ಮೇಲೆ ಗಾಳಿಗೆ ಇನ್ನಷ್ಟು ಗಟ್ಟಿಯಾಗುವಂಥದ್ದು. ಇಲ್ಲಿರುವುದು ಮುರೂಮ್. ಮಳೆ ಕುಡಿದರೆ ನೆನೆದ ಅವಲಕ್ಕಿಯ ಹಾಗೆ ಮೆತ್ತಗಾಗುವ ಪುಡಿಗಲ್ಲು. ದಾರಿಯಲ್ಲಿ ಹೋಗುವ ಮಾರಿಯನ್ನು ತಂಗಿಯ ಮನೆಗೆ ಕರೆದವನು ನಾನು.

ಈ ಮಳೆಗಾಲದಲ್ಲಿ ದರೆಯ ನೆತ್ತಿಯ ಮೇಲೆ ಬಿರುಕು ಬಿಟ್ಟಿದೆ. ಹತ್ತಿ ನೋಡಿದೆ. ನನ್ನ ಅಂಗೈ ಪೂರ್ತಿ ಒಳಗೆ ಇಳಿಯಿತು.

ಮಳೆ ಮುಗಿಯುವ ತನಕ ಡೊಂಬಿವಲಿಗೆ ಬಂದು ನಮ್ಮ ಜೊತೆ ಇರಿ ಎಂದೆ. ಭಾವ ಒಪ್ಪಲಿಲ್ಲ. ಹೋಟೆಲ್ ನಾಲ್ಕು ದಿನ ಮುಚ್ಚಿದರೆ ಗಿರಾಕಿ ಬೇರೆ ಜಾಗ ಹುಡುಕಿಕೊಳ್ಳುತ್ತಾನಂತೆ. ಗಿರಾಕಿ ಯಾರು ಗೊತ್ತೇ? ಡಂಪರ್ ಡ್ರೈವರುಗಳು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದ ಮೇಲೆ ಕಣಿವೆಯ ದುಡಿಯುವ ಮಂದಿ ಲೋಕಲ್ ಹಿಡಿದು ಠಾಣೆ, ಮುಂಬೈ ಎಂದು ಹೋಗಿಬಿಡುತ್ತಾರೆ. ಹಗಲಿಡೀ ಅಲ್ಲಿ ನಡೆಯುವ ಧಂದೆ ಒಂದೇ, ಗುಡ್ಡ ಅಗೆದು ಮುರೂಮ್ ಸಾಗಿಸುವುದು. ಮಳೆ ಒಂದು ಗಳಿಗೆ ಬಿಟ್ಟರೆ ಸಾಕು, ಮೇಲೆ ಮಶೀನು, ಕೆಳಗೆ ಡಂಪರು. ಡ್ರೈವರುಗಳು ಭಾವನ ಇಡ್ಲಿ ತಿಂದು, ಭಾವನ ಮನೆಯ ಮೇಲಿನ ಗುಡ್ಡವನ್ನೇ ತರಲು ಹೋಗುತ್ತಾರೆ.

ನನಗೆ ಸಿಟ್ಟು ನೆತ್ತಿಗೇರಿತು. (ಹೆದರಿದಾಗ ನನಗೆ ಮೊದಲು ಬರುವುದು ಸಿಟ್ಟೇ. ನನ್ನ ಹೆಂಡತಿಯನ್ನು ಕೇಳಿ.) ತಲೆಯ ಮೇಲೆ ಗುಡ್ಡ ಕೆಡಹುವವರಿಗೇ ಬಡಿಸುತ್ತೀರಲ್ಲ, ಬುದ್ಧಿ ಎಲ್ಲಿಟ್ಟಿದ್ದೀರಿ ಎಂದು ರೇಗಿದೆ.

ಭಾವ ಮೆಲುದನಿಯ ಮನುಷ್ಯ. ಚಾ ಲೋಟ ನನ್ನ ಮುಂದಿಟ್ಟು ಕೇಳಿದರು:

"ನಿಮ್ಮ ಫ್ಲ್ಯಾಟಿನ ಸೊಸೈಟಿ ಇರುವ ಜಾಗ ಮೊದಲು ಉಪ್ಪುನೀರಿನ ಖಾಡಿಯ ಕೆಸರು ಅಲ್ವಾ ಭಾವ? ಅದನ್ನು ತುಂಬಿಸಿದ ಮಣ್ಣು ಎಲ್ಲಿಂದ ಬಂತು ಅಂತ ನೀವು ಕೇಳಿದ್ರಾ?"

ಕೇಳಿರಲಿಲ್ಲ. ನೀವು ಕೇಳಿದ್ದೀರಾ? ಡೊಂಬಿವಲಿಯಲ್ಲಿ, ಕಲ್ಯಾಣದಲ್ಲಿ, ನವಿ ಮುಂಬೈಯಲ್ಲಿ ಫ್ಲ್ಯಾಟ್ ಕೊಳ್ಳುವಾಗ ನಾವು ಲಿಫ್ಟ್ ನೋಡುತ್ತೇವೆ, ಪಾರ್ಕಿಂಗ್ ನೋಡುತ್ತೇವೆ, ಸ್ಟೇಷನ್ ಎಷ್ಟು ನಿಮಿಷ ಎಂದು ಕೇಳುತ್ತೇವೆ. ಕೆಳಗೆ ತುಂಬಿರುವುದು ಯಾರ ಮನೆಯ ಹಿಂದಿನ ಗುಡ್ಡ ಎಂದು ಯಾರು ಕೇಳುತ್ತಾರೆ?

ಹೊರಡುವ ಮೊದಲು ಒಂದು ಮಾತಿಗಾದರೂ ಒಪ್ಪಿಸಿದೆ. ಹಿಂದಿನ ಅಡಿಗೆಮನೆ ಖಾಲಿ ಮಾಡುವುದು, ಎದುರಿನ ಹೋಟೆಲಿನಲ್ಲೇ ಅಡಿಗೆ, ಅಲ್ಲೇ ಮಲಗುವುದು. ದರೆಯಿಂದ ಹೋಟೆಲಿಗೆ ಹೆಜ್ಜೆ ಹಾಕಿ ನೋಡಿದೆ. ಹದಿನೆಂಟು. ಗುಡ್ಡ ಹೊರಟರೆ ಎಷ್ಟು ಹೆಜ್ಜೆ ನಡೆಯುತ್ತದೆ, ಯಾರಿಗೆ ಗೊತ್ತು?

ರಿಕ್ಷಾ ಹತ್ತುವಾಗ, ಮಳೆ ಜೋರಾದರೆ ತಕ್ಷಣ ಫೋನ್ ಮಾಡು ಎಂದು ವನಜಳಿಗೆ ಹೇಳಿದೆ.

"ಮಳೆ ಜೋರಾದ್ರೆ ಇಲ್ಲಿ ನೆಟ್‌ವರ್ಕ್ ಇರೂದಿಲ್ಲ ಅಣ್ಣ," ಅಂದಳು.

ಇದನ್ನು ಬರೆಯುವಾಗ ಡೊಂಬಿವಲಿಯಲ್ಲಿ ಬೆಳಗಿನಿಂದ ಒಂದೇ ಸಮನೆ ಸುರಿಯುತ್ತಿದೆ. ಅವಳ ನಂಬರಿಗೆ ಮಾಡಿದೆ, ಭಾವನ ನಂಬರಿಗೆ ಮಾಡಿದೆ. ಯಾವುದೋ ಹೆಣ್ಣುದನಿ ಮೊದಲು ಮರಾಠಿಯಲ್ಲಿ, ಆಮೇಲೆ ಹಿಂದಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದೇ ಹೇಳುತ್ತಿದೆ.

ನೆಟ್‌ವರ್ಕ್ ಇಲ್ಲ, ಅಷ್ಟೇ ತಾನೇ?